ತುಕ್ಕು ಹಿಡಿದ ಗುಂಡು ಸತ್ತಿದೆ ಅಂದುಕೊಳ್ಳಬೇಡಿ

ಸಿರುಗುಪ್ಪದ ತಂಗಿ ಮನೆಗೆ ಹೋದಾಗಲೆಲ್ಲ ಅವಳ ಮಗ ತನ್ನ ‘ಮ್ಯೂಸಿಯಂ’ ತೋರಿಸುತ್ತಾನೆ. ಹಳೇ ನಾಣ್ಯ, ಬೀಗ, ಲಾಟೀನು. ಈ ಸಲ ಕಪಾಟಿನಲ್ಲಿ ತೆಂಗಿನಕಾಯಿ ಗಾತ್ರದ ಕಬ್ಬಿಣದ ಗುಂಡೊಂದು ಕೂತಿತ್ತು.

“ಬಳ್ಳಾರಿ ಗುಜರಿ ಅಂಗಡೀಲಿ ಸಿಕ್ತು ಮಾಮ. ಹಳೇ ಕಾಲದ ಫಿರಂಗಿ ಗುಂಡಂತೆ. ಒಂದು ಕಡೆ ತೂತು ಐತೆ ನೋಡು. ನಾಳೆ ಗ್ರೈಂಡರ್ ಹಿಡಿದು ತುಕ್ಕು ತೆಗೀತೀನಿ.”

ಆ ತೂತು ನೋಡಿ ನನ್ನ ಎದೆ ಧಸಕ್ಕೆಂದಿತು. ಫಿರಂಗಿ ಗುಂಡುಗಳೆಲ್ಲ ಗಟ್ಟಿ ಕಬ್ಬಿಣವಲ್ಲ. ಕೆಲವು ಟೊಳ್ಳು; ಒಳಗೆ ಮದ್ದು ತುಂಬಿ, ಬತ್ತಿ ಕೂರಿಸಲು ತೂತು ಬಿಟ್ಟಿರುತ್ತಾರೆ. ತುಕ್ಕು ಮುಚ್ಚಿಕೊಂಡರೆ ಆ ತೂತೂ ಕಾಣುವುದಿಲ್ಲ.

“ನೂರೈವತ್ತು ವರ್ಷದ್ದು ಮಾಮ, ಸತ್ತೇ ಹೋಗಿರ್ತೈತೆ ಬಿಡು” ಅಂದ.

ಇದೇ ನೋಡಿ ತಪ್ಪು ತಿಳಿವಳಿಕೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಮಾಡಿದ ಕರಿಮದ್ದು ಕಾಲ ಕಳೆದಷ್ಟಕ್ಕೇ ಸಾಯುವುದಿಲ್ಲ. ನೆನೆದದ್ದು ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು; ಗ್ರೈಂಡರಿನ ಒಂದು ಕಿಡಿ ಸಾಕು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಇಂಥವನ್ನೇ ಸಂಗ್ರಹಿಸುತ್ತಿದ್ದ ಅನುಭವಿಯೊಬ್ಬರು ಮನೆಯಂಗಳದಲ್ಲಿ ಅಂತರ್ಯುದ್ಧ ಕಾಲದ ಗುಂಡು ಸ್ವಚ್ಛ ಮಾಡುವಾಗ ಅದು ಸಿಡಿದು ಸತ್ತರು. ಗುಂಡಿಗೆ 140 ವರ್ಷ ದಾಟಿತ್ತು. 2014ರಲ್ಲಿ ಬೆಲ್ಜಿಯಂನ ಈಪರ್‌ನಲ್ಲಿ ಮೊದಲ ಮಹಾಯುದ್ಧದ ಶೆಲ್ ಸಿಡಿದು ಇಬ್ಬರು ಕಾರ್ಮಿಕರು ಹೋದರು.

ನಮ್ಮಲ್ಲೂ ಇವು ಸಿಗುತ್ತವೆ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಪಾಳುಬಿದ್ದ ಬಾವಿಯೊಂದರಿಂದ ಪುರಾತತ್ವ ಇಲಾಖೆಯವರು ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ತೆಗೆದರು. ಕಬ್ಬಿಣದ ಆ ಕೊಳವೆಗಳಲ್ಲಿ ಮದ್ದು ಇನ್ನೂ ಇತ್ತು. ಕೋಟೆ, ದಂಡು ಎರಡೂ ಇದ್ದ ನಮ್ಮ ಬಳ್ಳಾರಿಯ ನೆಲದಲ್ಲಿ ಏನೇನು ಹುದುಗಿದೆಯೋ ಬಲ್ಲವರು ಯಾರು?

ನಾನೇನು ಜಾಣನಲ್ಲ. ಚಿಕ್ಕವನಿದ್ದಾಗ ಕುರುಗೋಡಿನಲ್ಲಿ ಕಲ್ಲು ಸಿಡಿಸುವ ಜಾಗದಿಂದ ವೈರು ನೇತಾಡುವ ಥಳಥಳ ಕೊಳವೆಯೊಂದನ್ನು ಜೇಬಿಗೆ ಹಾಕಿಕೊಂಡು ಬಂದಿದ್ದೆ. ಅಪ್ಪ ಬೈಯಲಿಲ್ಲ. ಕೈ ನಡುಗುತ್ತಾ ಅದನ್ನು ತೆಗೆದಿಟ್ಟು, “ಇದರಿಂದಲೇ ನಮ್ಮ ಓಣಿಯವನ ಮೂರು ಬೆರಳು ಹೋಗಿದ್ದು” ಅಂದರು. ಅದು ಡಿಟೋನೇಟರ್. ಅವತ್ತಿನ ಅಪ್ಪನ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಅದಕ್ಕೇ ಹೇಳುತ್ತೇನೆ: ಹೊಲದಲ್ಲೋ ಪಾಯ ತೋಡುವಾಗಲೋ ಇಂಥದ್ದು ಕಂಡರೆ ಮುಟ್ಟಬೇಡಿ, ಎತ್ತಬೇಡಿ, ನೀರಿಗೆ ಎಸೆಯಬೇಡಿ. ಜನರನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡಿ. ಈಗಾಗಲೇ ಮನೆಯಲ್ಲಿದ್ದರೆ ಠಾಣೆಗೆ ಹೊತ್ತುಕೊಂಡು ಹೋಗಬೇಡಿ, ಅವರನ್ನೇ ಕರೆಸಿ. ಸ್ಫೋಟಕವನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1908ರ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ನಾವೂ ಹಾಗೇ ಮಾಡಿದೆವು. ಅಜ್ಜಿಯಿಂದ ಹಿಡಿದು ಎಲ್ಲರೂ ಬೀದಿಗೆ ಬಂದು ನಿಂತೆವು. ಬಂದವರು ಗುಂಡನ್ನು ಜೋಪಾನವಾಗಿ ಒಯ್ದರು. ಒಳಗೆ ಮದ್ದಿತ್ತೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ಹುಡುಗ ಎರಡು ದಿನ ಮುನಿಸಿಕೊಂಡಿದ್ದ. ಈಗ ಕಪಾಟಿನ ಆ ಜಾಗದಲ್ಲಿ ಗುಂಡಿನ ಫೋಟೋ ಇದೆ.