ರೊಟ್ಟಿ ಬುಟ್ಟಿ, ರೇಷನ್ ಕಾರ್ಡು

ಹಿರೇಬೆಂಡಿಗೇರಿಯಿಂದ ಶಿಗ್ಗಾಂವಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ನನ್ನ ರೊಟ್ಟಿ ಬುಟ್ಟಿ ಕಾಲಬುಡದಲ್ಲಿ ಇರುತ್ತದೆ. 2023ರ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ‘ಶಕ್ತಿ’ ಯೋಜನೆ ಶುರುವಾಗುವ ಮೊದಲು ಹೋಗಿಬರುವ ಚಾರ್ಜು ಕಳೆದರೆ ರೊಟ್ಟಿಯ ಲಾಭದಲ್ಲಿ ಏನೂ ಉಳಿಯುತ್ತಿರಲಿಲ್ಲ. ಈಗ ಉಳಿಯುತ್ತದೆ. ಅದೇ ವರ್ಷ ಆಗಸ್ಟ್ 30ಕ್ಕೆ ‘ಗೃಹಲಕ್ಷ್ಮಿ’ಯೂ ಬಂತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನಾನು ಆ ದುಡ್ಡಿನಲ್ಲಿ ದೊಡ್ಡ ಹಂಚು ತಂದೆ, ಸುಗ್ಗಿಯಲ್ಲಿ ಜೋಳ ಹಿಡಿದಿಟ್ಟೆ. ಸರ್ಕಾರದ ದುಡ್ಡು ತಿಂದು ಹೆಣ್ಣುಮಕ್ಕಳು ಮೈಗಳ್ಳರಾದರು ಎಂದು ಮಾತಾಡುವವರು ಒಮ್ಮೆ ನಮ್ಮ ಓಣಿಗೆ ಬರಬೇಕು. ನಸುಕಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎಷ್ಟು ಮನೆಗಳಿಂದ ಬರುತ್ತದೆ, ಕೇಳಬೇಕು.

ಹೋದ ವರ್ಷ ಹುಬ್ಬಳ್ಳಿಯ ಅಂಗಡಿಯವರೊಬ್ಬರು, “ಅಕ್ಕಾರ, ಜಿಎಸ್‌ಟಿ ನಂಬರ್ ಮಾಡಸ್ರಿ, ವಾರಕ್ಕ ಸಾವಿರ ರೊಟ್ಟಿ ತಗೋತೇನಿ” ಅಂದರು. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಗೃಹಲಕ್ಷ್ಮಿ ಹೋಗೂದಿಲ್ಲೇನ?” ಹೋಗುತ್ತದೆ. ಯಜಮಾನಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರು, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರು ಆಗಿದ್ದರೆ ಗೃಹಲಕ್ಷ್ಮಿ ಇಲ್ಲ. ವ್ಯಾಪಾರ ಕೈಹಿಡಿಯುತ್ತದೋ ಇಲ್ಲವೋ ಗೊತ್ತಿಲ್ಲ, 2,000 ನಿಲ್ಲುವುದು ಮಾತ್ರ ಖಾತ್ರಿ. ನಾನು ಬ್ಯಾಡ ಅಂದೆ. ಇವತ್ತಿಗೂ ಆ ಸಾವಿರ ರೊಟ್ಟಿ ಕಣ್ಣ ಮುಂದೆ ಬರುತ್ತವೆ.

ನೆರೆಮನೆಯ ಹುಡುಗಿಯದು ಇನ್ನೊಂದು ಕಥೆ. ಡಿಗ್ರಿ ಮುಗಿಸಿದ್ದಾಳೆ, ತಿಂಗಳಿಗೆ 12,000ದ ಕೆಲಸ ಬಂತು. ವರ್ಷಕ್ಕೆ 1,44,000. ಬಿಪಿಎಲ್ ಕಾರ್ಡಿಗೆ ಇಡೀ ಕುಟುಂಬದ ವರ್ಷದ ಆದಾಯ 1.20 ಲಕ್ಷ ಮೀರಬಾರದು. ಕಾರ್ಡು ಹೋದರೆ ಅಕ್ಕಿಯ ಜೊತೆಗೆ ಆರೋಗ್ಯದ ರಕ್ಷಣೆಯೂ ಕುಗ್ಗುತ್ತದೆ: ‘ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಕ್ಕರೆ, ಉಳಿದವರಿಗೆ ಪ್ಯಾಕೇಜಿನ ಖರ್ಚಿನಲ್ಲಿ ನೂರಕ್ಕೆ 30ರಷ್ಟು ಮಾತ್ರ. ಅವಳಪ್ಪನಿಗೆ ಹೃದಯದ ಕಾಯಿಲೆ. ಮಗಳ ಮೊದಲ ಪಗಾರ ಬಂದ ದಿನ ಆ ಮನೆಯಲ್ಲಿ ಸಿಹಿ ಹಂಚಲಿಲ್ಲ, ಕಾರ್ಡಿನ ಚಿಂತೆ ಮಾಡುತ್ತ ಕೂತರು.

ಇಷ್ಟರ ನಡುವೆ ಬಸ್ಸಿನ ಬಗ್ಗೆ ಯಾರಿಗೂ ಹೆದರಿಕೆ ಇಲ್ಲ. ಯಾಕೆಂದರೆ ‘ಶಕ್ತಿ’ ಆದಾಯ ಕೇಳುವುದಿಲ್ಲ. ದುಡಿಯದಿದ್ದರೂ ಹತ್ತಬಹುದು, ದುಡಿಮೆ ಹೆಚ್ಚಾದರೂ ಹತ್ತಬಹುದು. ದುಡಿಯಲು ಹೊರಟವಳ ಜೊತೆಗೇ ಕಡೆಯತನಕ ಬರುವ ನೆರವು ಅದೊಂದೇ ಎಂದು ನನಗೆ ಅನಿಸುತ್ತದೆ.

ಕಾರ್ಡು, ಗೃಹಲಕ್ಷ್ಮಿಯ ಈ ಮಿತಿಗಳನ್ನು ಬದಲಿಸಲು ದಿಲ್ಲಿಯ ಕಡೆ ನೋಡಬೇಕಾಗಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನರಿಗೆ ಧಾನ್ಯ ಎಂಬುದನ್ನು ಕೇಂದ್ರ ಹೇಳುತ್ತದೆ, ಯಾವ ಕುಟುಂಬಕ್ಕೆ ಎಂಬುದನ್ನು ರಾಜ್ಯ ಗುರುತಿಸುತ್ತದೆ. ಗೃಹಲಕ್ಷ್ಮಿಯಂತೂ ಪೂರ್ತಿ ರಾಜ್ಯದ್ದೇ. ಮನಸ್ಸು ಮಾಡಿದಾಗ ರಾಜ್ಯ ಬೇಗ ದಾರಿ ಹುಡುಕಿದ್ದನ್ನೂ ಕಂಡಿದ್ದೇವೆ. 2023ರಲ್ಲಿ ತಾನು ಕೊಡುತ್ತೇನೆಂದಿದ್ದ ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದೆ ಹೋದಾಗ ಜುಲೈಯಿಂದ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದಾಗಿ ಜನ ಕಂಗಾಲಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ತಿರುಗಿ ಕೊಡುವುದಾಗಿ ಹೇಳಿತು.

ರಾಜ್ಯವೊಂದು ಇಂಥ ದಾರಿ ಹುಡುಕಿದ್ದು ಹೊರದೇಶದಲ್ಲೂ ಇದೆ. ಅಮೆರಿಕದಲ್ಲಿ 1996ರ ಕಾನೂನು ಬಡ ಕುಟುಂಬಗಳ ನೆರವಿನ ಹಣವನ್ನು ಇಡಿಗಂಟಾಗಿ ರಾಜ್ಯಗಳ ಕೈಗಿಟ್ಟಿತು. ಕೆಲಸದ ಷರತ್ತು, ಐದು ವರ್ಷದ ಗಡುವು ಎಂದು ಬಿಗಿಯನ್ನೂ ಮಾಡಿತು. ಆ ಬಿಗಿ ನಮಗೆ ಬೇಡ. ಆದರೆ ಅಲ್ಲಿನ ಕನೆಕ್ಟಿಕಟ್ ರಾಜ್ಯ ಮಾಡಿದ್ದು ಗಮನಿಸುವಂಥದ್ದು. ಅಲ್ಲಿ ಆಗ ನೆರವಿನ ಗಡುವು 21 ತಿಂಗಳು ಇತ್ತು. ಅಷ್ಟರಲ್ಲಿ ಕೆಲಸ ಹಿಡಿದವರ ಸಂಪಾದನೆ ಬಡತನದ ರೇಖೆ ದಾಟುವವರೆಗೆ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ, ನೆರವಿನಲ್ಲಿ ಒಂದು ಪೈಸೆಯೂ ಕಡಿತ ಮಾಡಲಿಲ್ಲ.

ನಮ್ಮ ಸರ್ಕಾರವನ್ನು ನಾನು ಕೇಳುವುದು ಇಷ್ಟೇ. 1.20 ಲಕ್ಷದ ಮಿತಿಯನ್ನು ಇಂದಿನ ಕೂಲಿ-ಪಗಾರಕ್ಕೆ ತಕ್ಕಂತೆ ಏರಿಸಿ. ಮನೆಯಲ್ಲಿ ಒಬ್ಬರಿಗೆ ಹೊಸದಾಗಿ ಕೆಲಸ ಸಿಕ್ಕರೆ ಎರಡು ವರ್ಷ ಕಾರ್ಡು ಮುಟ್ಟಬೇಡಿ. ಹೆಣ್ಣುಮಗಳೊಬ್ಬಳು ಜಿಎಸ್‌ಟಿ ನಂಬರ್ ಮಾಡಿಸಿದರೆ ಅಷ್ಟೇ ಕಾಲ ಗೃಹಲಕ್ಷ್ಮಿ ನಡೆಯಲಿ. ಹಾಗೊಂದು ಆದೇಶ ಬಂದ ದಿನ ನಾನು ಹುಬ್ಬಳ್ಳಿಯ ಅಂಗಡಿಗೆ ಫೋನ್ ಹಚ್ಚುತ್ತೇನೆ.