ತಾಸ್ಕೊ ಊರಿನ ಬೆಳ್ಳಿ ಕೆಲಸ

ಜಗತ್ತಿನಲ್ಲಿ ಅತಿ ಹೆಚ್ಚು ಬೆಳ್ಳಿ ತೆಗೆಯುವ ದೇಶ ಯಾವುದು, ಗೊತ್ತೇ ಮಕ್ಕಳೇ? ಮೆಕ್ಸಿಕೊ. ಅಲ್ಲಿನ ಬೆಟ್ಟದ ಇಳಿಜಾರಿನಲ್ಲಿ ತಾಸ್ಕೊ ಎಂಬ ಊರಿದೆ. ಬಿಳಿ ಗೋಡೆಗಳು, ಕೆಂಪು ಹೆಂಚು, ಕಲ್ಲು ಹಾಸಿದ ಕಡಿದಾದ ಓಣಿಗಳು. ಊರ ನಡುವೆ ಎತ್ತರದ ಸಾಂತಾ ಪ್ರಿಸ್ಕಾ ಚರ್ಚು. ಗಣಿಯಿಂದ ಸಿರಿವಂತನಾದ ಹೊಸೆ ದೆ ಲಾ ಬೋರ್ದಾ ಎಂಬಾತ ಇದನ್ನು 1758ರ ಹೊತ್ತಿಗೆ ಕಟ್ಟಿಸಿ ಮುಗಿಸಿದ.

ನೂರಾರು ವರ್ಷ ತಾಸ್ಕೊದ ನೆಲ ಬೆಳ್ಳಿ ಕೊಟ್ಟಿತು. ಆದರೆ ಬೆಳ್ಳಿ ಊರು ದಾಟಿ ಹೋಗುತ್ತಿತ್ತು, ಅಗೆದವರ ಕೈಯಲ್ಲಿ ಉಳಿಯುತ್ತಿದ್ದದ್ದು ಕಡಿಮೆ. 1929ರಲ್ಲಿ ವಿಲಿಯಂ ಸ್ಪ್ರಾಟ್ಲಿಂಗ್ ಎಂಬ ಅಮೆರಿಕದ ವಾಸ್ತುಶಿಲ್ಪದ ಮೇಷ್ಟ್ರು ಬಂದು ಇಲ್ಲೇ ನೆಲೆಸಿದರು. 1931ರಲ್ಲಿ ಬೆಳ್ಳಿ ಕೆಲಸದ ಅಂಗಳ ತೆರೆದರು. ಹತ್ತಿರದ ಇಗುವಾಲಾ ಊರಿನಿಂದ ಅಕ್ಕಸಾಲಿಗರನ್ನು ಕರೆಸಿ, ಊರಿನ ಹುಡುಗರನ್ನು ಅವರ ಪಕ್ಕ ಕೂರಿಸಿದರು. ಯುರೋಪಿನ ಒಡವೆಗಳನ್ನು ನಕಲು ಮಾಡುವ ಬದಲು ಮೆಕ್ಸಿಕೊದ ಹಳೆಯ ಶಿಲ್ಪಗಳಲ್ಲಿದ್ದ ಜಾಗ್ವಾರ್, ಹಕ್ಕಿ, ಹಾವುಗಳನ್ನೇ ಬೆಳ್ಳಿಗೆ ಇಳಿಸಿದರು.

ಅಪ್ಪಟ ಬೆಳ್ಳಿ ಬಹಳ ಮೆದು. ಹಾಗಾಗಿ ಸಾವಿರ ಗ್ರಾಮಿನಲ್ಲಿ 925 ಗ್ರಾಂ ಬೆಳ್ಳಿ, ಉಳಿದ 75 ಗ್ರಾಂ ಸಾಮಾನ್ಯವಾಗಿ ತಾಮ್ರ. ಕರಗಿಸಿ ತಗಡು ಮಾಡಿ, ಸಣ್ಣ ಗರಗಸದಿಂದ ಕತ್ತರಿಸಿ, ಸುತ್ತಿಗೆಯಿಂದ ಬಡಿದು, ಬೆಸುಗೆ ಹಾಕುತ್ತಾರೆ. ತಗ್ಗುಗಳನ್ನು ಗಂಧಕದ ಮದ್ದಿನಿಂದ ಕಪ್ಪಾಗಿಸಿ, ಉಬ್ಬುಗಳನ್ನು ಉಜ್ಜಿದರೆ ಚಿತ್ರ ಎದ್ದು ಕಾಣುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಒಡವೆಗಳು ಅಮೆರಿಕಕ್ಕೆ ಬರುವುದು ನಿಂತಿತು. ತಾಸ್ಕೊಗೆ ಬೇಡಿಕೆ ಏರಿತು. ನೂರಾರು ಜನ ದುಡಿಯುವಷ್ಟು ಸ್ಪ್ರಾಟ್ಲಿಂಗರ ಅಂಗಳ ಬೆಳೆಯಿತು. ಯುದ್ಧ ಮುಗಿಯುವ ಹೊತ್ತಿಗೆ ಕಂಪನಿ ದಿವಾಳಿಯಾಯಿತು! ಊರಿನ ಗತಿ ಏನಾಗಬೇಕಿತ್ತು, ಹೇಳಿ? ಆದರೆ ಕೆಲಸ ನಿಲ್ಲಲಿಲ್ಲ. ಅಲ್ಲಿ ಕಲಿತ ಕಾಸ್ತಿಯೊ ಸಹೋದರರಂಥವರು ಆಗಲೇ ತಮ್ಮದೇ ಅಂಗಡಿ ತೆರೆದಿದ್ದರು, ಮುಂದಿನ ಹುಡುಗರಿಗೆ ಕಲಿಸುತ್ತಿದ್ದರು. ಕಂಪನಿ ಮುಳುಗಿದರೂ ಕೈಗೆ ಹತ್ತಿದ ವಿದ್ಯೆ ಮುಳುಗಲಿಲ್ಲ.

ಮೆಕ್ಸಿಕೊದಲ್ಲಿ ಇನ್ನೊಂದು ಪುಟ್ಟ ಬೆಳ್ಳಿ ವಸ್ತುವಿದೆ: ಮಿಲಾಗ್ರೊ. ಹಾಗೆಂದರೆ ಪವಾಡ. ಕಣ್ಣು ನೋವಾದರೆ ಕಣ್ಣು, ಕಾಲು ನೋವಾದರೆ ಕಾಲು, ಹಸು ವಾಸಿಯಾಗಲೆಂದು ಹಸು. ಬೆರಳ ಗಾತ್ರದ ಈ ಆಕಾರಗಳನ್ನು ಚರ್ಚಿನಲ್ಲಿ ಸಂತರ ಮೂರ್ತಿಯ ಬಳಿ ಸಿಕ್ಕಿಸಿ ಬೇಡಿಕೊಳ್ಳುತ್ತಾರೆ. ಈಗ ಇವೇ ಸರ, ಓಲೆಗಳಲ್ಲೂ ತೂಗುತ್ತವೆ.

ಅಜ್ಜ ಅಜ್ಜಿಯರಿಗೆ ಇದು ಹೊಸದೆನಿಸದು. ನಮ್ಮ ದೇವಸ್ಥಾನಗಳಿಗೂ ಬೆಳ್ಳಿಯ ಕಣ್ಣು, ಕೈ, ಕಾಲು ಹರಕೆಯಾಗಿ ಬರುತ್ತವಲ್ಲ! ಸಮುದ್ರದಾಚೆಯ ತಾಯಿಯೂ ಮಗುವಿನ ಕಣ್ಣಿಗಾಗಿ ಬೇಡುವುದು ಹೀಗೆಯೇ.

ಮನೆಯಲ್ಲಿ ಹಳೆಯ ಕಾಲ್ಗೆಜ್ಜೆಯೋ ಉಡಿದಾರವೋ ಇದ್ದರೆ, ಮಕ್ಕಳೇ, ಅಜ್ಜಿಯನ್ನು ಕೇಳಿ ಕೈಯಲ್ಲಿ ಹಿಡಿದು ನೋಡಿ. ಯಾರು ಮಾಡಿದ್ದು, ಯಾವಾಗ ಮಾಡಿಸಿದ್ದು ಎಂದು ಕೇಳಿ ಬರೆದಿಡಿ. ಮಾಡಿದವರ ಹೆಸರೂ ಒಡವೆಯಷ್ಟೇ ಜೋಪಾನವಾಗಿ ಉಳಿಯಲಿ.