ಬಸದಿಯ ಕಲ್ಲಿನಲ್ಲೊಂದು ಜಿರಾಫೆ

ಸಾವಿರ ಕಂಬದ ಬಸದಿಗೆ ಬಂದವರೆಲ್ಲ ತಲೆಯೆತ್ತಿ ಕಂಬ ನೋಡುತ್ತಾರೆ. ನಾನು ಹೋದದ್ದು ತಲೆ ತಗ್ಗಿಸಿ ಒಂದು ಪ್ರಾಣಿಯನ್ನು ಹುಡುಕಲಿಕ್ಕೆ. ಮೂಡುಬಿದಿರೆಯ ಈ ಬಸದಿಯಲ್ಲಿ, ಭೈರಾದೇವಿ ಮಂಟಪದ ಬುಡದ ಕಲ್ಲಿನಲ್ಲಿ ಜಿರಾಫೆಯೊಂದು ಇದೆ ಎಂದು ಗೆಳೆಯರು ಹೇಳಿದ್ದರು. ಆನೆ, ಸಿಂಹ, ಹಂಸ ನಮ್ಮ ಶಿಲ್ಪಿಗಳ ಉಳಿಗೆ ರೂಢಿಯವು. ಜಿರಾಫೆಗೆ ಇಲ್ಲೇನು ಕೆಲಸ?

ಎರಡು ಸುತ್ತು ಹಾಕಿದರೂ ಸಿಗಲಿಲ್ಲ. ನೆರಳಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನೇ ಗಮನಿಸುತ್ತಿದ್ದರು.

“ಎಂತ ಹುಡುಕುವುದು ನೀವು?”

“ಜಿರಾಫೆ.”

“ಓ, ಒಂಟೆಯಾ! ಬನ್ನಿ.”

ಅವರ ಬಾಲ್ಯದಲ್ಲಿ ಅದು ಒಂಟೆಯೇ ಆಗಿತ್ತಂತೆ. “ಮೇಷ್ಟ್ರು ಹೇಳಿದ ಮೇಲೆ ಶಾಲೆಯಲ್ಲಿ ಜಿರಾಫೆ, ಮನೆಯಲ್ಲಿ ಒಂಟೆ. ಈಗಲೂ ಬಾಯಿಗೆ ಒಂಟೆ ಅಂತಲೇ ಬರುವುದು ಮಾರಾಯ್ರೆ.” ಅವರ ಬೆರಳು ತೋರಿದಲ್ಲಿ ಉದ್ದ ಕೊರಳಿನ ಪ್ರಾಣಿ ನಿಂತಿತ್ತು. ಅದೇ ಬುಡದಲ್ಲಿ ಚೀನೀಯರ ಡ್ರ್ಯಾಗನ್ ಕೂಡ ಇದೆ. ಜಿನಾಲಯದಲ್ಲಿ ಇವೆರಡೂ ನೆಂಟರ ಮನೆಗೆ ಬಂದವರಂತೆ ಆರಾಮವಾಗಿವೆ.

ಬಸದಿ ಕಟ್ಟಿದ್ದು 1430ರಲ್ಲಿ. ಶಾಸನದಲ್ಲಿ ಅದರ ಹೆಸರು ತ್ರಿಭುವನ ತಿಲಕ ಚೂಡಾಮಣಿ, ಮೂಲನಾಯಕ ಚಂದ್ರನಾಥ. ವಿಜಯನಗರದ ಕಾಲ, ಕರಿಮೆಣಸಿನ ದುಡ್ಡು. ಅರಸರಷ್ಟೇ ಊರ ವರ್ತಕರೂ ಕೈ ಬಿಚ್ಚಿದ್ದರು. ಭೈರಾದೇವಿ ಮಂಟಪ ಆಮೇಲೆ ಸೇರಿದ್ದು. ಇತಿಹಾಸ ಇಷ್ಟು ಸಾಕು. ಮೂಡುಬಿದಿರೆಯ ಹದಿನೆಂಟು ಬಸದಿಗಳ ಕಥೆ ಹೇಳಹೊರಟರೆ ಪುರವಣಿ ಸಾಲದು.

ನನ್ನ ತಲೆ ತಿನ್ನುತ್ತಿದ್ದದ್ದು ಜಿರಾಫೆ. 1405ರಿಂದ 1433ರವರೆಗೆ ಚೀನಾದ ನೌಕಾಪತಿ ಝೆಂಗ್ ಹೆಯ ಹಡಗುಗಳು ಮತ್ತೆ ಮತ್ತೆ ಕಲ್ಲಿಕೋಟೆಗೆ ಬಂದವು. 1414ರಲ್ಲಿ ಬಂಗಾಳದ ಸುಲ್ತಾನ ಮಿಂಗ್ ಚಕ್ರವರ್ತಿಗೆ ಜಿರಾಫೆಯನ್ನೇ ಕಾಣಿಕೆ ಕಳಿಸಿದ. ಆಫ್ರಿಕದ ಪ್ರಾಣಿ ಹೀಗೆ ಕಡಲಲ್ಲಿ ಓಡಾಡುತ್ತಿದ್ದ ಕಾಲ ಅದು. ನಮ್ಮ ಶಿಲ್ಪಿ ಅದನ್ನು ಕಣ್ಣಾರೆ ಕಂಡಿದ್ದನೋ, ಬಂದರಿನಲ್ಲಿ ಯಾವನೋ ನಾವಿಕ ಮರಳ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದನೋ. ಎರಡನೆಯದೇ ಇರಬೇಕೆಂದು ನನ್ನ ಮನಸ್ಸು. ಕೇಳಿದ್ದನ್ನು ನಂಬಿ ಕಲ್ಲಿಗೆ ಉಳಿ ಹಚ್ಚಲು ಧೈರ್ಯ ಬೇಕು.

ಬಸದಿಯ ಮಾಡು ನೋಡಿದವರಿಗೆ ನೇಪಾಳ ನೆನಪಾಗುತ್ತದೆ. ನನಗೆ ನೆನಪಾಗುವುದು ತುಳುನಾಡಿನ ಆಟಿ ತಿಂಗಳ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಲ್ಲಿ ಹೊಯ್ಸಳರ ಹಾಗೆ ಕಲ್ಲಿನ ಕುಸುರಿಯನ್ನು ಮಳೆಗೆ ಒಡ್ಡಿ ನಿಲ್ಲಿಸಿದರೆ ಪಾಚಿ ತಿನ್ನುತ್ತದೆ. ಆದ್ದರಿಂದ ಕೆಳಗೆ ಕಲ್ಲು, ಮೇಲಂತಸ್ತಿಗೆ ಮರ, ನೆತ್ತಿಗೆ ತಾಮ್ರದ ಹೊದಿಕೆ, ನೀರು ನಿಲ್ಲದಂತೆ ಇಳಿಜಾರು. ಒಂದೊಂದು ಕಂಬಕ್ಕೂ ಒಂದೊಂದು ಕೆತ್ತನೆ.

ಈ ಮಳೆಗೆ ಜಾತಿಯಿಲ್ಲ. ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಮಸೀದಿ, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಬಾಯಲ್ಲಿ ‘ಬೆಳಿಯೆ ಪಳ್ಳಿ’. ಅರಬರ ಕಾಲದಿಂದ ಬಂದದ್ದು, ಟಿಪ್ಪು ಸುಲ್ತಾನ ದುರಸ್ತಿ ಮಾಡಿಸಿ ಮಗಳ ಹೆಸರಿಟ್ಟ ಎಂಬುದು ಊರವರ ಮಾತು. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ಕಂಡರೆ ಬಸದಿಯ ಆಚಾರಿಗಳ ಕಸುಬಿನವರೇ ಇಲ್ಲಿಗೂ ಬಂದಿದ್ದರೇನೋ ಅನ್ನಿಸುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲಂತೂ ಗುಡಿ, ಪಳ್ಳಿ, ಇಗರ್ಜಿ ಎಲ್ಲದರ ನೆತ್ತಿಗೂ ಕೆಂಪು ಬಂತು. ಪಾದ್ರಿಗಳ ಹೆಂಚು ಹೊದ್ದ ದೈವಸ್ಥಾನಗಳಿಗೆ ಲೆಕ್ಕವಿಲ್ಲ.

ಅದೇ ಮಂಗಳೂರಿನ ಅಲೋಶಿಯಸ್ ಚಾಪೆಲ್‌ನ ಗೋಡೆಗಳಲ್ಲಿ ಇಟಲಿಯ ಬ್ರದರ್ ಅಂತೋನಿಯೊ ಮೊಶೆನಿ 1899ರಿಂದ ಬಿಡಿಸಿದ ಚಿತ್ರಗಳಿವೆ. ಹಸಿ ಗಾರೆಯ ಮೇಲೆ ಬಣ್ಣ ಎಳೆಯುವ ಕೆಲಸ. ಗಾರೆ ಒಣಗುವುದರೊಳಗೆ ಆ ದಿನದ ಭಾಗ ಮುಗಿಯಬೇಕು. ನಮ್ಮ ತೇವದ ಗಾಳಿಯಲ್ಲಿ ಆತ ಹೇಗೆ ಲೆಕ್ಕ ಹಾಕಿದನೋ. ಬಣ್ಣ ಮಂಕಾದಾಗ 1990ರ ದಶಕದಲ್ಲಿ ಪುನಶ್ಚೇತನವೂ ಆಯಿತು.

ಇದನ್ನೆಲ್ಲ ಹೇಳಿದಾಗ ಹಿರಿಯರು ಕೇಳಿದ್ದು ಒಂದೇ: “ಬಪ್ಪನಾಡಿಗೆ ಹೋಗಲಿಲ್ವಾ?” ಮೂಲ್ಕಿಯ ಬಪ್ಪನಾಡು ದುರ್ಗೆಯ ಗುಡಿಗೊಂದು ಕಥೆಯುಂಟು. ಹಡಗಿನ ವ್ಯಾಪಾರಿ ಬಪ್ಪ ಬ್ಯಾರಿಯ ದೋಣಿ ಶಾಂಭವಿ ನದಿಯಲ್ಲಿ ಸಿಕ್ಕಿಕೊಂಡಿತು, ಕನಸಲ್ಲಿ ದುರ್ಗೆ ಬಂದಳು, ಬ್ಯಾರಿ ಗುಡಿ ಕಟ್ಟಿಸಿದ. ಮೂಲ್ಕಿಯ ಜಾತ್ರೆಯಲ್ಲಿ ಬಪ್ಪನ ಮನೆತನಕ್ಕೆ ಇಂದಿಗೂ ಪ್ರಸಾದದ ಮರ್ಯಾದೆ ಉಂಟು. ಹಿರಿಯರು ಆ ಪ್ರಸಂಗವನ್ನು ಯಕ್ಷಗಾನ ಬಯಲಾಟದಲ್ಲಿ ಎಷ್ಟು ಸಲ ನೋಡಿದ್ದಾರೋ, ಬಪ್ಪನ ತುಳು ಮಾತನ್ನು ಅದೇ ಬ್ಯಾರಿ ಧಾಟಿಯಲ್ಲಿ ಆಡಿ ತೋರಿಸಿ ತಾವೇ ನಕ್ಕರು. “ಆಗ ಬೆಳಗಾಗುವ ತನಕ ಆಟ. ಈಗ ಕಾಲಮಿತಿ. ದೋಣಿ ನಿಂತದ್ದೇ ಗಡಿಬಿಡಿ, ಮಧ್ಯರಾತ್ರಿಗೆ ಮಂಗಳ.”

ಅಷ್ಟರಲ್ಲಿ ಬಸ್ಸಿನಲ್ಲಿ ಬಂದ ತಂಡವೊಂದು ಕಂಬ ಎಣಿಸುತ್ತ, ಮೊಬೈಲು ಎತ್ತಿಕೊಂಡು ಮಂಟಪ ದಾಟಿತು. ಬುಡದ ಕಡೆ ಯಾರೂ ನೋಡಲಿಲ್ಲ. ಹಿರಿಯರೂ ಅವರನ್ನು ಕರೆದು ತೋರಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು:

“ನನ್ನ ಮೊಮ್ಮಗ ಬೆಂಗಳೂರಿನಲ್ಲಿ. ಮೈಸೂರು ಝೂನಲ್ಲಿ ನಿಜವಾದ್ದನ್ನೇ ನೋಡಿದ್ದಾನೆ. ನಮ್ಮ ಒಂಟೆ ನೋಡ್ಲಿಕ್ಕೆ ಬಾ ಅಂತ ಪ್ರತಿ ರಜೆಗೂ ಹೇಳ್ತೇನೆ.”